ಸಣ್ಣ ತೂತು, ದೊಡ್ಡ ತೀರ್ಮಾನ

2015ರ ಮಾರ್ಚ್‌ನಲ್ಲಿ ಹಾಲಿವುಡ್ ನಟಿ ಏಂಜಲಿನಾ ಜೋಲಿ ತಮ್ಮ ಅಂಡಾಶಯ ತೆಗೆಸಿಕೊಂಡ ವಿಷಯವನ್ನ ತಾವೇ ಬರೆದು ಹೇಳಿದ್ರು. ನಾವು ಟಿವಿಯವರು ಏನ್ ಮಾಡಿದ್ವಿ? ಸಿನಿಮಾ ಸುದ್ದಿ ಜೊತೆ ಸೇರಿಸಿ ಓದಿ ಮುಗಿಸಿದ್ವಿ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದು ಗ್ಲಾಮರ್ ಸುದ್ದಿ ಆಗಿರಲಿಲ್ಲ.

ಜೋಲಿಗೆ ಕ್ಯಾನ್ಸರ್ ಬಂದಿರಲಿಲ್ಲ, ಬರುವ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಜೀನ್ ದೋಷ ಇತ್ತು. ಆದರೆ ಸ್ತನ ಕ್ಯಾನ್ಸರ್ ಬಂದಾಗಿರುವ ಹೆಣ್ಣುಮಕ್ಕಳಿಗೂ ಡಾಕ್ಟರು ಕೆಲವೊಮ್ಮೆ ಇದೇ ಮಾತು ಹೇಳ್ತಾರೆ. ಎದೆಯ ಕಾಯಿಲೆಗೆ ಹೊಟ್ಟೆಯ ಆಪರೇಷನ್ ಯಾಕೆ ಸ್ವಾಮಿ?

ಕಾರಣ ಎರಡು. ಕೆಲವು ಸ್ತನ ಗಡ್ಡೆಗಳಿಗೆ ಈಸ್ಟ್ರೋಜೆನ್ ಹಾರ್ಮೋನೇ ಗೊಬ್ಬರ. ಮುಟ್ಟು ನಿಲ್ಲದವರಲ್ಲಿ ಅದು ಬಹುಪಾಲು ತಯಾರಾಗೋದು ಅಂಡಾಶಯದಲ್ಲಿ. ಗ್ಲಾಸ್ಗೋದ ಸರ್ಜನ್ ಜಾರ್ಜ್ ಬೀಟ್ಸನ್, ಅಂಡಾಶಯ ತೆಗೆದ ಮೇಲೆ ಸ್ತನದ ಗಡ್ಡೆ ಕುಗ್ಗಿದ್ದನ್ನ 1896ರಲ್ಲೇ ವರದಿ ಮಾಡಿದ್ರು. ಎರಡನೇ ಕಾರಣ, ಜೀನ್ ದೋಷ ಇದ್ದವರಿಗೆ ಅಂಡಾಶಯದ ಕ್ಯಾನ್ಸರ್ ಭಯವೂ ಇದೆ. ಅದನ್ನ ಬೇಗ ಹಿಡಿಯೋಕೆ ನಂಬುವಂಥ ಪರೀಕ್ಷೆ ಇವತ್ತಿಗೂ ಇಲ್ಲ.

ಸರಿ, ಸೇಫಾ? ಹೊಟ್ಟೆ ಮೇಲೆ ಮೂರ್ನಾಲ್ಕು ಸಣ್ಣ ತೂತು, ಒಳಗೆ ಇಂಗಾಲದ ಡೈಆಕ್ಸೈಡ್ ಗ್ಯಾಸ್, ಒಂದು ಕ್ಯಾಮೆರಾ. ಬಹಳಷ್ಟು ಜನ ಅವತ್ತೇ ಅಥವಾ ಮಾರನೇ ದಿನ ಮನೆಗೆ ಹೋಗ್ತಾರೆ. ರಕ್ತಸ್ರಾವ, ಸೋಂಕು, ಕರುಳಿಗೋ ಮೂತ್ರನಾಳಕ್ಕೋ ಪೆಟ್ಟು ಆಗೋದು ಅಪರೂಪ. ಅಪರೂಪ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ. ಟಮಾಕ್ಸಿಫೆನ್ ಮಾತ್ರೆ ತಗೊಳ್ಳೋರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಜಾಸ್ತಿ. ಅದನ್ನ ಸರ್ಜನ್‌ಗೆ ಮೊದಲೇ ಹೇಳಲೇಬೇಕು.

ನನ್ನ ಪ್ರಕಾರ ನಿಜವಾದ ಪ್ರಶ್ನೆ ಶುರುವಾಗೋದು ಹೊಲಿಗೆ ಒಣಗಿದ ಮೇಲೆ. ವರ್ಷಗಳಲ್ಲಿ ನಿಧಾನವಾಗಿ ಬರಬೇಕಾದ ಋತುಬಂಧ ಒಂದೇ ದಿನದಲ್ಲಿ ಬಂದುಬಿಡುತ್ತೆ. ಮೈ ಬಿಸಿಯೇರೋದು, ನಿದ್ದೆ ಇಲ್ಲದ ರಾತ್ರಿ, ಮೂಳೆ ಸವೆತ. ಬೇರೆಯವರಿಗೆ ಹಾರ್ಮೋನ್ ಮಾತ್ರೆ ಕೊಡಬಹುದು. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಆ ದಾರಿಯೂ ಮುಚ್ಚಿರುತ್ತೆ. ಮಕ್ಕಳಾಗದ ಹುಡುಗಿಗಂತೂ ಇದು ವಾಪಸ್ ತಗೊಳ್ಳೋಕಾಗದ ತೀರ್ಮಾನ.

ಹಾಗಾಗಿ ಡಾಕ್ಟರ ಮುಂದೆ ಕೂತಾಗ ನಾಲ್ಕು ಪ್ರಶ್ನೆ ಕೇಳಿ. ನನ್ನ ಗಡ್ಡೆ ಹಾರ್ಮೋನ್‌ಗೆ ಸ್ಪಂದಿಸುವಂಥದ್ದಾ? ಜೀನ್ ಪರೀಕ್ಷೆ ಬೇಕಾ? ಅಂಡಾಶಯವನ್ನ ತಾತ್ಕಾಲಿಕವಾಗಿ ಮಲಗಿಸುವ ಇಂಜೆಕ್ಷನ್ ಸಾಕಾಗುತ್ತಾ? ಆಮೇಲೆ ನನ್ನ ಮೂಳೆಯನ್ನ ನೋಡ್ಕೊಳ್ಳೋರು ಯಾರು? ಜೀನ್ ದೋಷ ಇದ್ದರೆ ಇನ್ನೊಂದು ಸೇರಿಸಿ: ಅಂಡನಾಳವನ್ನೂ ತೆಗೀತೀರಾ? ಯಾಕಂದ್ರೆ ಅಂಥ ಎಷ್ಟೋ ಕ್ಯಾನ್ಸರ್ ಹುಟ್ಟೋದೇ ಅಲ್ಲಿ.

ಗಂಡಂದಿರಿಗೂ ಒಂದು ಮಾತು. ಆಪರೇಷನ್ ಫಾರಂಗೆ ಸಹಿ ಹಾಕಿ ಹೊರಗೆ ಕಾಯೋದಷ್ಟೇ ನಿಮ್ಮ ಕೆಲಸ ಅಲ್ಲ. ಆ ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಕೂತಿರಿ. ಗಾಯ ಬೇಗ ಮಾಯುತ್ತೆ, ನಂತರದ ವರ್ಷಗಳನ್ನ ಆಕೆ ಒಬ್ಬಳೇ ಕಳೆಯೋ ಹಾಗೆ ಆಗಬಾರದು.