ನೋವಿಲ್ಲದ ಗಂಟೇ ಮೋಸದ ಗಂಟು

ಹಲ್ಲು ನೋವು ಬಂದರೆ ಅಂಗಡಿ ಬಾಗಿಲು ಹಾಕಿ ದವಾಖಾನೆಗೆ ಓಡುವ ಮನುಷ್ಯ, ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ಗಂಟು ಇಟ್ಟುಕೊಂಡು ವರ್ಷಗಟ್ಟಲೆ ತಕ್ಕಡಿ ಹಿಡಿದು ಕೂತಿರುತ್ತಾನೆ. ಕೇಳಿದರೆ, "ನೋವಿಲ್ರೀ, ತ್ರಾಸಿಲ್ರೀ, ಸುಮ್ಮನ ಯಾಕ ರೊಕ್ಕ ಹಾಳು?" ಎನ್ನುತ್ತಾನೆ. ಹೆಣ್ಣುಮಕ್ಕಳಂತೂ ಸೆರಗು ಮುಚ್ಚಿಕೊಂಡು ದಿನ ದೂಡುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಜನ ಈ ಗಂಟಿನ ಗುಟ್ಟು ತಿಳಿಯುವುದು ಒಳ್ಳೆಯದು.

ಗಂಟಲ ಮುಂದೆ ಚಿಟ್ಟೆಯಂತೆ ಕೂತಿರುವುದು ಥೈರಾಯ್ಡ್ ಗ್ರಂಥಿ. ಉಗುಳು ನುಂಗಿದಾಗ ಮೇಲೆ ಕೆಳಗೆ ಆಡುವ ಗಂಟು ಸಾಮಾನ್ಯವಾಗಿ ಇದರದೇ. ಧೈರ್ಯದ ಮಾತೆಂದರೆ, ಇಂಥ 100 ಗಂಟುಗಳಲ್ಲಿ ಸುಮಾರು 90 ಕ್ಯಾನ್ಸರ್ ಅಲ್ಲ.

ಉಳಿದವುಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ. ಹೆಚ್ಚಾಗಿ ಕಾಣುವುದು 'ಪ್ಯಾಪಿಲರಿ'. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು. ನಿಧಾನ ಬೆಳೆದು ಕುತ್ತಿಗೆಯ ಗಂಟುಗಳಿಗೆ ಹಬ್ಬುತ್ತದೆ. ವೇಳೆಗೆ ಸಿಕ್ಕರೆ ಬಹುತೇಕ ಎಲ್ಲರೂ ಬದುಕುತ್ತಾರೆ. ಎರಡನೆಯದು 'ಫಾಲಿಕ್ಯುಲರ್'. ಅಯೋಡಿನ್ ಕಡಿಮೆ ಇರುವ ಕಡೆ ಇದರ ಪಾಲು ಹೆಚ್ಚು. ರಕ್ತದ ಮೂಲಕ ಎಲುಬು, ಪುಪ್ಪುಸ ಸೇರುತ್ತದೆ. ಎಲುಬು ನೋವೆಂದು ಬಂದವರಿಗೆ ಮೂಲ ಕುತ್ತಿಗೆಯಲ್ಲಿದೆಯೆಂದು ಆಮೇಲೆ ಗೊತ್ತಾಗುವುದುಂಟು. ಮೂರನೆಯದು 'ಮೆಡುಲರಿ'. ನಾಲ್ವರಲ್ಲಿ ಒಬ್ಬರಿಗೆ ಇದು ವಂಶದಿಂದ ಬಂದದ್ದು. ಆಗ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳನ್ನೂ ತೋರಿಸಬೇಕು. ನಾಲ್ಕನೆಯ 'ಅನಾಪ್ಲಾಸ್ಟಿಕ್' ಅಪರೂಪ, ಆದರೆ ಮಹಾಕ್ರೂರಿ. ಹೆಚ್ಚಾಗಿ ಅರವತ್ತು ದಾಟಿದವರಿಗೆ ಬರುತ್ತದೆ. ವರ್ಷಾನುಗಟ್ಟಲೆ ಸುಮ್ಮನಿದ್ದ ಗಂಟು ವಾರಗಳಲ್ಲೇ ಉಬ್ಬಿ ಉಸಿರು ಹಿಡಿಯುತ್ತದೆ. ಆಗ ಡಾಕ್ಟರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ಯಾವ ಜಾತಿಯೆಂದು ಹೊರಗಿನಿಂದ ನೋಡಿ ಹೇಳಲಾಗದು. ಸ್ಕ್ಯಾನಿಂಗ್ ಮಾಡಿ, ಸಣ್ಣ ಸೂಜಿಯಿಂದ ಚೂರು ರಸ ತೆಗೆದು ನೋಡಬೇಕು. "ಸೂಜಿ ಚುಚ್ಚಿದ್ರ ಗಂಟು ಕೆರಳ್ತದ" ಎಂಬ ಹೆದರಿಕೆ ಬೇಡ. ಕೆರಳಿಸುವುದು ಬರೆ, ಲೇಪ, ಮಂತ್ರದಲ್ಲಿ ಕಳೆದ ದಿನಗಳು. ಆಪರೇಷನ್ ಆಗಿ ಗ್ರಂಥಿ ಪೂರ್ತಿ ತೆಗೆದರೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಜೀವನಪೂರ್ತಿ. ಅಷ್ಟೇ. ಕೆಲವರಿಗೆ ಮಾತ್ರ ವಿಕಿರಣ ಅಯೋಡಿನ್ ಬೇಕಾಗುತ್ತದೆ.

ರೊಕ್ಕದ ಚಿಂತೆಯೇ? 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಮೊದಲು ಊರಿನ ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ಚೀಟಿ ಪಡೆಯಬೇಕು. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕವಿದೆ.

ಗಂಟು ಗಟ್ಟಿಯಾದರೆ, ಬೇಗ ಬೆಳೆದರೆ, ದನಿ ಒಡೆದರೆ, ತುತ್ತು ಸಿಕ್ಕಿಕೊಂಡರೆ ನಾಳೆ ಎನ್ನಬಾರದು. ಕನ್ನಡಿ ಮುಂದೆ ನಿಂತು ಒಂದು ಗುಟುಕು ನೀರು ನುಂಗಿ ಕುತ್ತಿಗೆ ನೋಡಿಕೊಳ್ಳಿ. ಅದಕ್ಕೆ ಕಾಸು ಬೇಕಿಲ್ಲ.