ಮರದ ಕುದುರೆಯ ಲೆಕ್ಕ

ಇಂಗ್ಲಿಷ್ ಲೇಖಕ ಡಿ. ಎಚ್. ಲಾರೆನ್ಸ್ ಅವರ ‘ದಿ ರಾಕಿಂಗ್ ಹಾರ್ಸ್ ವಿನ್ನರ್’ 1926ರಲ್ಲಿ ಪ್ರಕಟವಾದ ಸಣ್ಣ ಕಥೆ. ಓದಲು ಒಂದು ಗಂಟೆ ಸಾಕು, ಮರೆಯಲು ಮಾತ್ರ ಬಹಳ ದಿನ ಬೇಕು. ಅದೇ ವರ್ಷ ಇದು ದೆವ್ವದ ಕಥೆಗಳ ಸಂಕಲನವೊಂದರಲ್ಲೂ ಸೇರಿತು. ಆದರೆ ಕಥೆಯಲ್ಲಿ ದೆವ್ವವಿಲ್ಲ. ಇರುವುದು ಒಂದು ಮನೆ, ಸಾಲ, ತಾಯಿ ಮತ್ತು ಮಗ. ನಾನು ಕಾಮರ್ಸ್ ವಿದ್ಯಾರ್ಥಿನಿಯಾದ್ದರಿಂದ ನನಗೆ ಗೊತ್ತಿರುವ ಲೆಕ್ಕದ ದಾರಿಯಲ್ಲೇ ಇದನ್ನು ವಿವರಿಸುತ್ತೇನೆ.

ಕಥೆ ಏನು?

ಇಂಗ್ಲೆಂಡಿನ ಒಂದು ಮನೆ. ತೋಟವಿದೆ, ಆಳುಗಳಿದ್ದಾರೆ, ನೆರೆಹೊರೆಯಲ್ಲಿ ಮರ್ಯಾದೆಯಿದೆ. ಅದಕ್ಕೆ ತಕ್ಕ ವರಮಾನ ಮಾತ್ರ ಇಲ್ಲ. ಇನ್ನೂ ದುಡ್ಡು ಬೇಕು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಮನೆಯೇ ಹಾಗೆ ಪಿಸುಗುಡುತ್ತಿರುವಂತೆ ಮಕ್ಕಳಿಗೆ ಕೇಳಿಸುತ್ತದೆ. ನಿನ್ನ ಅಪ್ಪನಿಗೆ ಅದೃಷ್ಟವಿಲ್ಲ, ಅದಕ್ಕೇ ನಾವು ಹೀಗೆ ಎಂದು ತಾಯಿ ಹೆಸ್ಟರ್ ಮಗ ಪೌಲ್‌ಗೆ ಹೇಳುತ್ತಾಳೆ. ನನಗೆ ಅದೃಷ್ಟವಿದೆ ಎನ್ನುತ್ತಾನೆ ಹುಡುಗ. ಅವಳು ನಂಬುವುದಿಲ್ಲ.

ಅಲ್ಲಿಂದ ಅವನ ಹುಚ್ಚು ಶುರು. ಆಟದ ಮರದ ಕುದುರೆ ಏರಿ ಆವೇಶ ಬಂದವನಂತೆ ತೂಗುತ್ತಾನೆ. ತೂಗುತ್ತ ತೂಗುತ್ತ, ರೇಸಿನಲ್ಲಿ ಗೆಲ್ಲುವ ಕುದುರೆಯ ಹೆಸರು ಅವನಿಗೆ ಹೊಳೆದುಬಿಡುತ್ತದೆ. ತೋಟದಾಳು ಬ್ಯಾಸೆಟ್ ಅವನ ಪರವಾಗಿ ಬಾಜಿ ಕಟ್ಟುತ್ತಾನೆ. ಆಮೇಲೆ ಸೋದರಮಾವ ಆಸ್ಕರ್ ಕೂಡ ಸೇರಿಕೊಳ್ಳುತ್ತಾನೆ. ಡರ್ಬಿ ರೇಸಿಗೆ ಎರಡು ದಿನ ಮುಂಚೆ, ರಾತ್ರಿ ತಾಯಿ ಕೋಣೆಗೆ ಬಂದು ದೀಪ ಹಾಕಿದಾಗ ಮಗ ಕುದುರೆಯ ಮೇಲಿದ್ದಾನೆ. ‘ಮಲಬಾರ್’ ಎಂದು ಕೂಗಿ ನೆಲಕ್ಕೆ ಬೀಳುತ್ತಾನೆ. ಜ್ವರ ತಲೆಗೇರುತ್ತದೆ. ಮಲಬಾರ್ ಗೆಲ್ಲುತ್ತದೆ, ಅವನ ಹಣ 80,000 ಪೌಂಡ್ ದಾಟುತ್ತದೆ. ಆ ರಾತ್ರಿಯೇ ಅವನು ತೀರಿಕೊಳ್ಳುತ್ತಾನೆ.

ಹುಡುಗನಿಗೆ ಬೇಕಿದ್ದದ್ದು ದುಡ್ಡೇ?

ನಮ್ಮಲ್ಲಿ ಯಾರಾದರೂ ಇದನ್ನು ಓದಿದರೆ ಮೊದಲು ಹೇಳುವ ಮಾತು, ಜೂಜು ಹರಾಮ್, ಅದರ ಫಲ ಹೀಗೇ ಎಂದು. ಜೂಜನ್ನು ಕುರ್‌ಆನ್ ನಿಷೇಧಿಸಿರುವುದು ನಮಗೆಲ್ಲ ಗೊತ್ತು. ಆದರೆ ಅಷ್ಟಕ್ಕೇ ನಿಂತರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಪೌಲ್ ತನಗಾಗಿ ಏನನ್ನೂ ಕೊಳ್ಳುವುದಿಲ್ಲ. 10,000 ಪೌಂಡ್ ಗೆದ್ದಾಗ 5,000 ಪೌಂಡನ್ನು ವಕೀಲರ ಮೂಲಕ, ಯಾರೋ ನೆಂಟರು ಕೊಟ್ಟಂತೆ, ತಾಯಿಗೆ ತಲುಪಿಸುವ ಏರ್ಪಾಡು ಮಾಡುತ್ತಾನೆ. ಐದು ವರ್ಷ, ಪ್ರತಿ ಹುಟ್ಟುಹಬ್ಬಕ್ಕೆ 1,000. ಆ ಕಾಗದ ಓದಿದ ತಾಯಿಯ ಮುಖ ಅರಳುವುದಿಲ್ಲ. ಸಾಲವಿದೆ, ಅಷ್ಟನ್ನೂ ಒಂದೇ ಸಲ ಕೊಡಿ ಎಂದು ಕೇಳಲು ವಕೀಲರ ಬಳಿ ಹೋಗುತ್ತಾಳೆ. ಮಗ ಒಪ್ಪುತ್ತಾನೆ.

ಈಗ ಪಿಸುಮಾತು ನಿಲ್ಲಬೇಕಿತ್ತು. ಮನೆಗೆ ಹೊಸ ಸಾಮಾನು ಬರುತ್ತದೆ, ಚಳಿಗಾಲದಲ್ಲೂ ಹೂವು ಬರುತ್ತದೆ, ಪಾಠ ಹೇಳುವ ಮೇಷ್ಟ್ರು ಬರುತ್ತಾರೆ. ಪಿಸುಮಾತು ಮಾತ್ರ ಕಿರುಚಾಟವಾಗುತ್ತದೆ. ಮನುಷ್ಯನ ಬಯಕೆಗಳಿಗೆ ಮಿತಿಯಿಲ್ಲ ಎಂದು ಅರ್ಥಶಾಸ್ತ್ರದಲ್ಲಿ ಒಂದು ಅಂಕದ ಉತ್ತರ ಬರೆಯುತ್ತೇವೆ. ಆ ಮಾತು ಒಂದು ಮನೆಯೊಳಗೆ ಹೇಗೆ ಕೇಳಿಸುತ್ತದೆ ಎಂಬುದು ಈ ಕಥೆಯಲ್ಲಿದೆ. ನಮ್ಮ ಮನೆಯಲ್ಲಿ ಅಮ್ಮಿ ಇದಕ್ಕೆ ಬೇರೆ ಮಾತು ಹೇಳುತ್ತಾರೆ: ಪೈಸೆ ಇದ್ದರೆ ಸಾಲದು, ಬರ್ಕತ್ ಇರಬೇಕು. ಬರ್ಕತ್ ಎಂದರೆ ಮೊತ್ತವಲ್ಲ, ಬಂದದ್ದು ಸಾಕಾಗುವ ಗುಣ. ಹೆಸ್ಟರ್ ಮನೆಯಲ್ಲಿ ಇಲ್ಲದ್ದು ಅದೇ. ಅವಳಿಗೆ ಮಕ್ಕಳ ಮೇಲೆ ಒಳಗಿನಿಂದ ಪ್ರೀತಿ ಹುಟ್ಟುವುದಿಲ್ಲ, ಅದು ಅವಳಿಗೂ ಮಕ್ಕಳಿಗೂ ಗೊತ್ತು ಎಂದು ಲಾರೆನ್ಸ್ ಮೊದಲಲ್ಲೇ ತಿಳಿಸಿಬಿಡುತ್ತಾರೆ. ಬೆಲೆಯಿಲ್ಲದ ಒಂದನ್ನು ಹುಡುಗ ಬೆಲೆ ಕೊಟ್ಟು ತರಲು ಹೊರಟಿದ್ದಾನೆ.

ಮೂವರ ಪಾಲುದಾರಿಕೆ

ಪೌಲ್, ಬ್ಯಾಸೆಟ್, ಆಸ್ಕರ್ ತಮ್ಮನ್ನು ಪಾಲುದಾರರೆಂದೇ ಕರೆದುಕೊಳ್ಳುತ್ತಾರೆ. ದ್ವಿತೀಯ ಪಿಯುಸಿಯಲ್ಲಿ ಪಾಲುದಾರಿಕೆಯ ಲೆಕ್ಕ ಮಾಡುವ ನಮಗೆ ಇಲ್ಲಿ ತಟ್ಟನೆ ಒಂದು ಪ್ರಶ್ನೆ ಏಳಬೇಕು: ಇವರಲ್ಲಿ ಒಬ್ಬ ಅಪ್ರಾಪ್ತನಲ್ಲವೇ? 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಪ್ರಾಪ್ತರು ಪಾಲುದಾರರಾಗುವಂತಿಲ್ಲ. ಎಲ್ಲ ಪಾಲುದಾರರೂ ಒಪ್ಪಿದರೆ ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು. ನಷ್ಟವಾದರೆ ಸಂಸ್ಥೆಯಲ್ಲಿರುವ ಅವರ ಪಾಲಿಗಷ್ಟೇ ತಗಲುತ್ತದೆ, ಅವರು ವೈಯಕ್ತಿಕವಾಗಿ ಹೊಣೆಯಾಗುವುದಿಲ್ಲ. ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ, ನಮ್ಮ ಕಾಯ್ದೆ ಅಲ್ಲಿ ನಡೆಯದು. ಆದರೂ ಅದರ ಹಿಂದಿರುವ ವಿವೇಕವನ್ನು ಕಥೆಯ ಪಕ್ಕ ಇಟ್ಟು ನೋಡಿ. ದೊಡ್ಡವರ ವ್ಯವಹಾರದ ಭಾರ ಮಗುವಿನ ಮೈಮೇಲೆ ಬೀಳಬಾರದು ಎನ್ನುತ್ತದೆ ಕಾನೂನು. ಈ ಪಾಲುದಾರಿಕೆಯಲ್ಲಿ ಎಲ್ಲವೂ ಮಗುವಿನ ಮೈಮೇಲೇ ಬೀಳುತ್ತದೆ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಆ ದೊಡ್ಡವರು ಮೋಸಗಾರರಲ್ಲ. ಬ್ಯಾಸೆಟ್ ಪ್ರಾಮಾಣಿಕ, ಹುಡುಗನ ಒಂದು ಕಾಸೂ ಮುಟ್ಟುವವನಲ್ಲ. ಮಾವನಿಗೆ ಅಕ್ಕರೆಯಿದೆ. ಪೌಂಡುಗಳ ಲೆಕ್ಕ ಸರಿಯಾಗಿದೆ. ಆದರೆ ಕುದುರೆಯ ಹೆಸರು ಎಲ್ಲಿಂದ ಬರುತ್ತದೆ, ಅದಕ್ಕಾಗಿ ಹುಡುಗ ಏನು ತೆರುತ್ತಿದ್ದಾನೆ ಎಂಬುದು ಇಬ್ಬರಿಗೂ ಗೊತ್ತಿಲ್ಲ.

ಕೊನೆಯ ಲೆಕ್ಕ

ಸತ್ತ ಮಗುವಿನ ಮುಂದೆ ಆಸ್ಕರ್ ತಂಗಿಗೆ ಒಂದು ಲೆಕ್ಕ ಒಪ್ಪಿಸುತ್ತಾನೆ: ಲಾಭದ ಕಡೆ 80,000ಕ್ಕೂ ಹೆಚ್ಚು ಪೌಂಡ್, ನಷ್ಟದ ಕಡೆ ಮಗ. ಪ್ರಥಮ ಪಿಯುಸಿಯಲ್ಲೇ ನಾವು ಕಲಿತ ನಿಯಮವೊಂದಿದೆ: ಹಣದಲ್ಲಿ ಅಳೆಯಲು ಬರುವುದನ್ನು ಮಾತ್ರ ಲೆಕ್ಕದ ಪುಸ್ತಕಕ್ಕೆ ತರಬೇಕು. ಮಗನನ್ನು ಯಾವ ಕಾಲಮಿನಲ್ಲಿ ಬರೆಯುವುದು? ಎರಡೂ ಬದಿ ಸರಿಹೊಂದುವುದೇ ಇಲ್ಲ. ಕಥೆಯ ಭಯವೆಲ್ಲ ಅಲ್ಲಿದೆ.

ಗೋಡೆಯಾಚೆ ಅಬ್ಬಾ ಅಮ್ಮಿ ಫೀಸಿನ ಬಗ್ಗೆ, ಕಂತಿನ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡುವುದನ್ನು ನಮ್ಮಲ್ಲಿ ಬಹಳ ಜನ ಕೇಳಿಸಿಕೊಂಡಿದ್ದೇವೆ. ಇದನ್ನು ನಾನೇ ಸರಿಮಾಡುತ್ತೇನೆ ಎಂದು ಒಳಗೊಳಗೇ ಹಟ ಹಿಡಿದವರೂ ಇದ್ದಾರೆ. ಒಬ್ಬರಿಗೆ ಸಿಎ, ಒಬ್ಬರಿಗೆ ಗಲ್ಫ್, ಒಬ್ಬರಿಗೆ ಕಾಲೇಜು ಮುಗಿದ ಮೇಲೆ ಅಂಗಡಿಯ ಕೆಲಸ. ಆ ಹಟ ತಪ್ಪಲ್ಲ. ಆದರೆ ಅದು ಒಬ್ಬರಿಗಾದರೂ ಗೊತ್ತಿರಲಿ, ಅಮ್ಮಿಗೋ ಗೆಳತಿಗೋ ಉಪನ್ಯಾಸಕರಿಗೋ. ಪೌಲ್ ತನ್ನ ಗುಟ್ಟನ್ನು ತಾಯಿಗೆ ಹೇಳಿದ್ದು ಸಾಯುವ ಮುನ್ನ, ಹಾಸಿಗೆಯ ಮೇಲೆ.