ಆಟೊಮ್ಯಾಟಿಕ್ ಜಾಗ್ವಾರಿಗೆ ಕ್ಲಚ್ ಕೂರಿಸಿದ ಕಥೆ

ಪ್ರತಿ ಸಂಚಿಕೆಯಲ್ಲೂ ಕೊಳೆರೋಗ, ಬೆರ್ರಿ ಬೋರರ್, ಸಾಲದ ಬಾಕಿ ಇವನ್ನೇ ಓದಿ ಬೇಸತ್ತ ಕೆಲವು ಸದಸ್ಯರು ಒಮ್ಮೆ ಬೇರೆ ಏನಾದರೂ ಬರೆಯಿರೆಂದು ಕಾರ್ಯದರ್ಶಿಗಳಾದ ನಮಗೆ ಹೇಳಿದ್ದುಂಟು. ಯಂತ್ರದ ವಿಷಯವಾದರೆ ಜೀಪು, ಪಂಪ್‌ಸೆಟ್ಟು, ಪಲ್ಪರು ಇರುವ ಮನೆಗಳಲ್ಲೆಲ್ಲ ಓದುತ್ತಾರೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇವೆ.

೨೦೨೩ರ ಜುಲೈಯಲ್ಲಿ, ಮೊದಲ ಸುತ್ತಿನ ಬೋರ್ಡೋ ಸಿಂಪಡಣೆ ಮುಗಿಸಿ, ಎರಡನೆಯದನ್ನು ತಮ್ಮನ ತಲೆಗೆ ಕಟ್ಟಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ನಮ್ಮ ಸೋದರಳಿಯನ ಮನೆಗೆ ಹೋಗಿದ್ದೆವು. ಹೋದದ್ದು ದೇಶ ನೋಡಲೆಂದು. ನೋಡಿದ್ದು ಬಹುಪಾಲು ಅವನ ಗ್ಯಾರೇಜನ್ನು. ಅಲ್ಲಿ ೧೯೬೭ರ ಜಾಗ್ವಾರ್ ಇ-ಟೈಪ್ ಕಾರೊಂದು ನಿಂತಿತ್ತು.

ಈ ಕಾರನ್ನು ಜಗತ್ತು ಮೊದಲು ಕಂಡದ್ದು ೧೯೬೧ರ ಜಿನೀವಾ ಪ್ರದರ್ಶನದಲ್ಲಿ. ತಯಾರಾಗುತ್ತಿದ್ದುದು ಅದೇ ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ. ಆರಂಭದಲ್ಲಿ ಇಬ್ಬರಿಗೆ ಮಾತ್ರ ಜಾಗ. ೧೯೬೬ರಲ್ಲಿ ಮುಂದಿನ ಹಿಂದಿನ ಚಕ್ರಗಳ ಅಂತರವನ್ನು ೯ ಅಂಗುಲ ಹಿಗ್ಗಿಸಿ, ಹಿಂದೆ ಮಕ್ಕಳಿಗೂ ಆಸನವಿಟ್ಟು ‘೨+೨’ ಎಂಬ ಮಾದರಿ ಹೊರಡಿಸಿದರು. ಬೇಕೆಂದವರಿಗೆ ಬೋರ್ಗ್ ವಾರ್ನರ್ ಕಂಪನಿಯ ೩ ಸ್ಪೀಡಿನ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಸಿಕ್ಕತೊಡಗಿದ್ದು ಇದರಲ್ಲಿಯೇ. ಇಂದು ಹಳೆಯ ಕಾರಿನ ಪ್ರಿಯರು ಆಟೊಮ್ಯಾಟಿಕ್ಕನ್ನು ಅಷ್ಟಾಗಿ ಬಯಸದ ಕಾರಣ ಅದರ ಬೆಲೆ ಕಡಿಮೆ. ನಮ್ಮ ಅಳಿಯ ಅದನ್ನೇ ಕೊಂಡು, ಅಪಘಾತದಲ್ಲಿ ಜಖಂ ಆದ ಇನ್ನೊಂದು ೨+೨ ಕಾರಿನ ೪ ಸ್ಪೀಡಿನ ಗೇರ್ ಬಾಕ್ಸ್, ಫ್ಲೈವೀಲ್, ಪೆಡಲ್‌ಗಳ ಪೆಟ್ಟಿಗೆ, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಕೂಡಿಹಾಕಿ ನಮ್ಮ ದಾರಿ ಕಾಯುತ್ತಿದ್ದ. ೫ ಸ್ಪೀಡಿನ ಹೊಸ ಬಾಕ್ಸುಗಳೂ ಈ ಕಾರಿಗೆ ಹೊಂದುತ್ತವೆ. ಅವನಿಗೆ ಜಾಗ್ವಾರಿನದೇ ಬೇಕಿತ್ತು.

ನಾವು ಮೊದಲು ಬೇಡವೆಂದೆವು. ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೆ ಇರಲಿ ಎಂಬುದು ನಮ್ಮ ವಾದ. ಸಾಲದ್ದಕ್ಕೆ ಆಟೊಮ್ಯಾಟಿಕ್ ಕಾರುಗಳ ಚಾಸಿ ಸಂಖ್ಯೆಯ ಕೊನೆಗೆ ಬಿ.ಡಬ್ಲ್ಯೂ. ಎಂಬ ಅಕ್ಷರಗಳನ್ನು ಕಂಪನಿಯವರೇ ಒತ್ತಿದ್ದಾರೆ. ಏನು ಬದಲಿಸಿದರೂ ತಿಳಿದವನ ಕಣ್ಣಿಗೆ ಅದು ಬೀಳದಿರದು. “ಬಚ್ಚಿಡೋದು ಯಾಕೆ ಮಾವ? ಮಾರುವ ದಿನ ಬಂದರೆ ಹೇಳಿಯೇ ಮಾರುತ್ತೇನೆ. ಹಳೇ ಬಾಕ್ಸನ್ನೂ ಜೊತೆಗೆ ಕೊಡುತ್ತೇನೆ” ಎಂದ. ಈ ಮಾತಿಗೆ ನಾವು ತೋಳು ಮಡಚಿ ಇಳಿದೆವು.

ಜೀಪಿನಲ್ಲಿ ಗೇರ್ ಬಾಕ್ಸನ್ನು ಕೆಳಗಿನಿಂದ ಇಳಿಸಿ ಕ್ಲಚ್ ಪ್ಲೇಟ್ ಬದಲಿಸಿ ನಮಗೆ ರೂಢಿ. ಇ-ಟೈಪಿನಲ್ಲಿ ಅದು ಆಗದು. ಕಾರಿನ ಅರ್ಧದಷ್ಟು ಉದ್ದವಿರುವ ಬಾನೆಟ್ಟನ್ನು ಪೂರ್ತಿ ಕಳಚಿ, ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಒಟ್ಟಿಗೇ ಎತ್ತಬೇಕು. ಆದ್ದರಿಂದ ಒಳಗೆ ಏನಾದರೂ ಮರೆತರೆ ಮತ್ತೆ ಎಲ್ಲವೂ ಹೊರಗೆ. ಈ ಮಾತನ್ನು ಅವನು ಮೂರು ಸಲ ಹೇಳಿದ್ದ.

ಹಳೆಯದನ್ನು ಬಿಚ್ಚಿದ ಮೇಲೆ ವ್ಯತ್ಯಾಸ ಕಣ್ಣಿಗೆ ಕಂಡಿತು. ಕ್ಲಚ್ಚಿರುವ ಕಾರಿನಲ್ಲಿ ಎಂಜಿನ್ನಿನ ಹಿಂದೆ ತೂಕದ ಫ್ಲೈವೀಲ್. ಇಲ್ಲಿ ತಟ್ಟೆಯಂಥ ತೆಳು ಪ್ಲೇಟು, ಅದಕ್ಕೆ ಬಿಗಿದ ಟಾರ್ಕ್ ಕನ್ವರ್ಟರ್. ಕನ್ವರ್ಟರ್ ಎಂದರೆ ಎಣ್ಣೆಯಲ್ಲಿ ಮುಳುಗಿಸಿ ಎದುರುಬದುರು ಇಟ್ಟ ಎರಡು ಫ್ಯಾನುಗಳೆಂದು ತಿಳಿಯಿರಿ: ಎಂಜಿನ್ ಒಂದನ್ನು ತಿರುಗಿಸುತ್ತದೆ, ಎಣ್ಣೆಯ ಹೊಡೆತಕ್ಕೆ ಮತ್ತೊಂದು ತಿರುಗುತ್ತದೆ. ಪ್ಲೇಟಿನ ಬೋಲ್ಟುಗಳು ಫ್ಲೈವೀಲಿಗೆ ಗಿಡ್ಡ, ಬೇರೆಯವೇ ಬೇಕು.

ಇನ್ನು ನಾವು ಮಾಡಿದ ಘನಕಾರ್ಯ. ಕ್ರ್ಯಾಂಕ್ ಶಾಫ್ಟಿನ ಹಿಂತುದಿಯ ನಡುವೆ ಒಂದು ರಂಧ್ರವಿದೆ. ಗೇರ್ ಬಾಕ್ಸಿನ ಮುಂಭಾಗದ ಶಾಫ್ಟಿನ ಮೂಗು ಅದರೊಳಗೆ ಕೂರುತ್ತದೆ. ಎರಡರ ನಡುವೆ ಕಂಚಿನದೊಂದು ಸಣ್ಣ ಬುಷ್. ನಮ್ಮ ಮೆಕ್ಯಾನಿಕ್ಕುಗಳು ಇದನ್ನು ಪೈಲಟ್ ಬುಷ್ ಎನ್ನುತ್ತಾರೆ, ಇಂಗ್ಲಿಷರು ಸ್ಪಿಗಟ್ ಬುಷ್ ಎನ್ನುತ್ತಾರೆ. ಕ್ಲಚ್ ಒತ್ತಿದಾಗ ಎಂಜಿನ್ ತಿರುಗುತ್ತಲೇ ಇದ್ದು ಆ ಶಾಫ್ಟು ಮಾತ್ರ ನಿಲ್ಲಬೇಕಲ್ಲ, ಆಗ ಅದರ ಮೂಗಿಗೆ ಆಸರೆ ಈ ಬುಷ್ಷೇ. ಆಟೊಮ್ಯಾಟಿಕ್ಕಿನಲ್ಲಿ ಅದಕ್ಕೆ ಕೆಲಸವಿಲ್ಲ, ಹಾಗಾಗಿ ಹಾಕಿರುವುದೂ ಇಲ್ಲ.

“ಮಾವ, ಬುಷ್ ನೋಡಿದ್ರಾ?” ಎಂದು ಅಳಿಯ ಕೇಳಿದ. ನಾವು ಬೆರಳು ತೂರಿಸಿ, ನುಣ್ಣಗಿನ ಅಂಚು ತಾಗಿದ್ದೇ “ಇದೆ” ಎಂದೆವು. ಮೂವತ್ತು ವರ್ಷ ಜೀಪು ಬಿಚ್ಚಿದ ಬೆರಳು! ನಮ್ಮ ಬೆರಳಿಗೆ ತಾಗಿದ್ದು ಬರಿಯ ರಂಧ್ರ. ಕ್ಲಚ್ ಪ್ಲೇಟನ್ನು ನಡುವಿಗೆ ತರಲು ಹಳೆಯ ಶಾಫ್ಟಿನ ತುಂಡು ತೂರಿಸಿದಾಗ ಅದು ಸಡಿಲವೆನಿಸಿತು. ಸವೆದಿರಬೇಕೆಂದು ಅದಕ್ಕೂ ನಾವೇ ಸಮಾಧಾನ ಹೇಳಿ, ಕಣ್ಣಳತೆಯಲ್ಲಿ ಕೂರಿಸಿದೆವು.

ಎಲ್ಲವೂ ಒಳಗೆ ಹೋಯಿತು. ಸ್ಟಾರ್ಟರ್ ಗುಂಡಿ ಒತ್ತಿದರೆ ಸದ್ದಿಲ್ಲ. ಇದು ಸುಲಭದ್ದು: ಆಟೊಮ್ಯಾಟಿಕ್ ಕಾರು ನ್ಯೂಟ್ರಲ್ ಅಥವಾ ಪಾರ್ಕಿನಲ್ಲಿ ಮಾತ್ರ ಸ್ಟಾರ್ಟ್ ಆಗುವಂತೆ ಒಂದು ಸ್ವಿಚ್ಚಿರುತ್ತದೆ. ಬಾಕ್ಸಿನೊಡನೆ ಅದೂ ಹೋಗಿತ್ತು. ಎರಡು ತಂತಿ ಜೋಡಿಸಿದೊಡನೆ ೪.೨ ಲೀಟರಿನ ಎಂಜಿನ್ ಗುಡುಗಿತು. ಆದರೆ ಕ್ಲಚ್ ಒತ್ತಿ ರಿವರ್ಸಿಗೆ ಹಾಕಿದರೆ ಹಲ್ಲು ಕಡಿಯುವ ಸದ್ದು. ಗಾಳಿ ಸೇರಿದೆಯೆಂದು ಒಂದಿಡೀ ದಿನ ಕ್ಲಚ್ಚಿನ ಎಣ್ಣೆ ಬಿಟ್ಟು ಬಿಟ್ಟು ತುಂಬಿದೆವು. ಸಂಜೆ ಅಳಿಯ ನೆಲದ ಮೇಲೆ ಕುಳಿತು, ನಮ್ಮ ಮುಖ ನೋಡದೆ, “ಬುಷ್ ಬೆರಳಲ್ಲೇ ನೋಡಿದ್ದಾ ಮಾವ?” ಎಂದ. ಆ ರಾತ್ರಿ ಊಟ ಸೇರಲಿಲ್ಲ. ಶಾಫ್ಟಿನ ಮುಂದಿನ ಬೇರಿಂಗು ಹಾಳಾಗಿದ್ದರೆ ಅವನು ಕೂಡಿಟ್ಟ ಹಣವೆಲ್ಲ ನಮ್ಮ ಬೆರಳಿನಿಂದ ಹೋದಂತೆಯೇ.

ಮತ್ತೆ ಬಾನೆಟ್ಟು, ಮತ್ತೆ ಎಂಜಿನ್ನು. ಬೇರಿಂಗು ಉಳಿದಿತ್ತು, ದೇವರು ದೊಡ್ಡವನು. ರಂಧ್ರದ ಅಳತೆ ತೆಗೆದು ಬುಷ್ ತರಿಸಿ, ಅದರ ಒಂದು ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ, ಎಂಜಿನ್ ಆಯಿಲ್ ತುಂಬಿ, ಮತ್ತೊಂದು ಹೆಬ್ಬೆರಳಿನಿಂದ ಅದುಮಿದೆವು. ಕಂಚಿನ ಮೈಯಲ್ಲಿ ಎಣ್ಣೆ ಬೆವರಿನಂತೆ ಒಸರಿತು. ರಂಧ್ರಮಯ ಕಂಚಿನ ಬುಷ್ಷಿಗೆಲ್ಲ ಇದೇ ಕ್ರಮ. ಈ ಸಲ ರಿವರ್ಸ್ ಬೆಣ್ಣೆಯಂತೆ ಬಿತ್ತು.

ಓಡಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಟಾರ್ಕ್ ಕನ್ವರ್ಟರ್ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಚು ಬಲವನ್ನು ಸುಮಾರು ಇಮ್ಮಡಿ ಮಾಡಿಕೊಡುತ್ತದೆ. ಆ ಭರವಸೆಯಿಂದಲೇ ಕಂಪನಿಯವರು ಇಂಗ್ಲೆಂಡಿನ ಆಟೊಮ್ಯಾಟಿಕ್ ಕಾರಿನ ಡಿಫರೆನ್ಷಿಯಲ್ಲಿಗೆ ೨.೮೮ರ ಅನುಪಾತ ಇಟ್ಟಿದ್ದರು. ಕ್ಲಚ್ ಕಾರಿಗೆ ಇದ್ದುದು ೩.೦೭. ಕ್ಲಚ್ಚು ಬಲವನ್ನು ದಾಟಿಸುತ್ತದೆಯೇ ಹೊರತು ಹೆಚ್ಚಿಸಲಾರದು. ನಾವು ಡಿಫರೆನ್ಷಿಯಲ್ ಮುಟ್ಟಿರಲಿಲ್ಲವಾಗಿ, ಏರಿನಲ್ಲಿ ಹೊರಡಿಸಲು ಕ್ಲಚ್ಚನ್ನು ಜಾರಿಸಬೇಕಾಯಿತು; ಸುಟ್ಟ ವಾಸನೆ ಬಂತು. ಘಾಟಿಯಲ್ಲಿ ಗೊಬ್ಬರ ತುಂಬಿದ ಜೀಪು ಎರಡನೇ ಗೇರಿನಲ್ಲಿ ಹೊರಟಂತೆ. ಬಟ್ಟ ಬಯಲು ರಸ್ತೆಯಲ್ಲಿ ಮಾತ್ರ, ಮೂರನೆಯಿಂದ ನಾಲ್ಕನೆಯದಕ್ಕೆ ಹಾಕುವಾಗ ಅವನ ಮುಖ ನೋಡಬೇಕಿತ್ತು.

ನಾವು ಊರಿಗೆ ಮರಳಿದ ಮೇಲೆ, ಚಳಿಗಾಲದಲ್ಲಿ, ಅವನು ಹಿಂದಿನ ಸಸ್ಪೆನ್ಷನ್ನನ್ನು ಬ್ರೇಕುಗಳ ಸಮೇತ ಇಳಿಸಿ ೩.೦೭ರ ಡಿಫರೆನ್ಷಿಯಲ್ ಕೂರಿಸಿದ. ಸ್ಪೀಡೋಮೀಟರನ್ನು ಹೊಸ ಅನುಪಾತಕ್ಕೆ ಸರಿಪಡಿಸಲು ಕಳಿಸಿರುವುದಾಗಿ ಫೋನಿನಲ್ಲಿ ಹೇಳಿದ. ಹಳೆಯ ಆಟೊಮ್ಯಾಟಿಕ್ ಬಾಕ್ಸು ಎಣ್ಣೆ ಸವರಿಸಿಕೊಂಡು ಮರದ ಪೆಟ್ಟಿಗೆಯಲ್ಲಿದೆ, ಅದರ ಸಂಖ್ಯೆಯನ್ನು ಮುಚ್ಚಳದ ಮೇಲೆ ನಾವೇ ಬರೆದು ಬಂದಿದ್ದೇವೆ. ನಮ್ಮ ಜೀಪಿಗೆ ಅದು ಹೊಂದುವುದಿಲ್ಲ. ಘಾಟಿ ಇಳಿದು ಸಂಘದ ಕಚೇರಿ ತಲಪುವ ಹೊತ್ತಿಗೆ ಎಡಮೊಣಕಾಲು ಹಿಡಿದುಕೊಂಡ ದಿನಗಳಲ್ಲಿ ಆ ಪೆಟ್ಟಿಗೆಯ ನೆನಪಾಗುತ್ತದೆ.